‘ತಯಾರಾಗುತ್ತಿದ್ದವು’ ಎಂದರೆ ಸಾಲದು

ಪ್ರಿಯ ಲೇಖಕಿಯವರಿಗೆ ನಮಸ್ಕಾರ.

ಯೆಮನ್ನಿನ ಬೆಳ್ಳಿ ಕಡಗಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯ ಹೊಸದು. ಆದರೆ ಮೂರನೆಯ ಪ್ಯಾರಾ ನನ್ನನ್ನು ಎರಡು ದಿನ ಕಾಡಿತು. ಅದರ ಬಗ್ಗೆಯಷ್ಟೇ ಬರೆಯುತ್ತೇನೆ.

‘ತಾಯಿಯಿಂದ ಮಗಳಿಗೆ ಬರುತ್ತಾ ಇನ್ನೂರು ವರ್ಷ ದಾಟಿದ ಕಡಗ’ ಎಂದಿದ್ದೀರಿ. ಅದಕ್ಕೆ ನೀವು ಕೊಟ್ಟ ಆಧಾರ, ಜೊತೆಗಿದ್ದ ನಾಣ್ಯದ ಮೇಲಿನ 1780 ಎಂಬ ಇಸವಿ. ಅದು ಮರಿಯಾ ತೆರೇಸಾ ಥೇಲರ್ ಎಂಬ ಬೆಳ್ಳಿ ನಾಣ್ಯ. ಆಸ್ಟ್ರಿಯಾದ ಆ ರಾಣಿ ತೀರಿಕೊಂಡದ್ದು 1780ರಲ್ಲಿ. ಆಮೇಲೆ 20ನೇ ಶತಮಾನದಲ್ಲೂ ಅದೇ ಇಸವಿ ಹಾಕಿ ನಾಣ್ಯ ಟಂಕಿಸಿದರು. ಹಾಗಾಗಿ ಆ ಇಸವಿಯಿಂದ ಕಡಗದ ವಯಸ್ಸು ಹೇಳಲಾಗದು. ತೂಕ 28 ಗ್ರಾಂ, ನೂರಕ್ಕೆ 83 ಪಾಲು ಬೆಳ್ಳಿ. ಯೆಮನ್ನಿನ ಪೇಟೆಯಲ್ಲಿ ಅದು ಹಣವಾಗಿ ಓಡಾಡಿತು, ಅಕ್ಕಸಾಲಿಯ ಮೂಸೆಗೂ ಇಳಿಯಿತು. ಇನ್ನು ತಾಯಿ-ಮಗಳ ಮಾತು. ಮದುವೆಯಲ್ಲಿ ಬಂದ ಬೆಳ್ಳಿ ಆ ಹೆಣ್ಣಿನ ಸ್ವಂತ ಆಸ್ತಿ, ಕಷ್ಟ ಬಂದರೆ ಮಾರಿಕೊಳ್ಳಬಹುದಿತ್ತು. ಹೊಸ ಮದುಮಗಳಿಗೆ ಹೊಸ ಒಡವೆಯೇ ಆಗಬೇಕಿತ್ತು. ತೀರಿಕೊಂಡವಳ ಒಡವೆ ಸಾಮಾನ್ಯವಾಗಿ ತೂಕಕ್ಕೆ ಮಾರಾಟವಾಗಿ ಕರಗುತ್ತಿತ್ತು. ನಾಣ್ಯ ಕಡಗವಾಗಿ, ಕಡಗ ಮತ್ತೊಬ್ಬಳ ಕಡಗವಾಗುವ ಕಥೆ ನಿಮ್ಮ ಕೈಯಲ್ಲೇ ಇತ್ತು. ಬಿಟ್ಟುಬಿಟ್ಟಿರಿ.

ಮುಂದಿನ ವಾಕ್ಯ ಇನ್ನೂ ನೋಯಿಸಿತು: ‘ಇವು ನುರಿತ ಕೈಗಳಲ್ಲಿ ತಯಾರಾಗುತ್ತಿದ್ದವು.’ ಯಾರ ಕೈ? ಬಹುಪಾಲು ಯೆಮನ್ನಿನ ಯಹೂದಿ ಅಕ್ಕಸಾಲಿಗಳದು. ತಂತಿಯ ಚೂರನ್ನು ಇದ್ದಿಲ ಮೇಲೆ ಕಾಯಿಸಿದರೆ ಅದು ಕರಗಿ ತಾನೇ ಗುಂಡಾಗುತ್ತದೆ. ಅಂಥ ಬೆಳ್ಳಿ ರವೆಗಳನ್ನು ಒಂದೊಂದಾಗಿ ಕೂರಿಸಿ ಬೆಸುಗೆ ಹಾಕಿದವರು ಅವರು. ಬೌಸಾನಿ, ಬದೀಹಿ ಎಂಬ ಮನೆತನದ ಹೆಸರುಗಳು ಕುಸುರಿಯ ಶೈಲಿಗೇ ಹೆಸರಾದವು. ಅವರು ಮಾಡಿದ್ದನ್ನು ಮುಸ್ಲಿಂ ಹೆಣ್ಣುಮಕ್ಕಳೂ ಮದುವೆಗೆ ತೊಟ್ಟರು. 1949–50ರಲ್ಲಿ ಸುಮಾರು 49,000 ಯಹೂದಿಗಳು ವಿಮಾನ ಹತ್ತಿ ಇಸ್ರೇಲಿಗೆ ಹೋದರು. ಹೊರಡುವ ಮುನ್ನ ಕಸುಬನ್ನು ಮುಸ್ಲಿಮರಿಗೆ ಕಲಿಸಿಕೊಡಬೇಕೆಂಬ ಷರತ್ತೂ ಇತ್ತು. ಇಷ್ಟೆಲ್ಲ ನಿಮ್ಮ ‘ತಯಾರಾಗುತ್ತಿದ್ದವು’ ಎಂಬ ಒಂದು ಪದದಡಿ ಹೂತುಹೋಗಿದೆ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದೂರಿನ ತೇರಿನ ಬಗ್ಗೆ ಬರೆದಿದ್ದೆ. ‘ತೇರನ್ನು ಹೊಸದಾಗಿ ನಿರ್ಮಿಸಲಾಯಿತು’ ಎಂದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಏನೂ ಹೇಳದೆ ಬಸ್ ಚಾರ್ಜು ಕೈಗಿಟ್ಟು ವಾಪಸ್ ಕಳಿಸಿದರು. ಮೂರು ತಾಸಿನ ದಾರಿ. ತೇರು ಮಾಡಿದ ಮುದುಕರು ಊರಾಚೆ ಗಾಡಿ ಗಾಲಿಗೆ ಅರಗಳನ್ನು ಕೂರಿಸುತ್ತಿದ್ದರು. ಹೆಸರು ಕೇಳಿದೆ. ‘ಯಾಕ್ರೀ, ತೇರಿನ್ಯಾಗ ಏನರ ತಪ್ಪಾಗೇತೇನು?’ ಎಂದು ಗಾಬರಿಯಾದರು. ತಪ್ಪಾಗಿದ್ದರೆ ಮಾತ್ರ ಯಾರಾದರೂ ಹೆಸರು ಕೇಳುತ್ತಾರೆ ಎಂದುಕೊಂಡಿದ್ದರು ಅವರು. ಆವತ್ತಿನ ನಾಚಿಕೆ ನನಗಿನ್ನೂ ಹೋಗಿಲ್ಲ.

ಆ ಪ್ಯಾರಾವನ್ನು ಅಕ್ಕಸಾಲಿಯಿಂದ ಶುರುಮಾಡಿ ಮತ್ತೆ ಬರೆಯಿರಿ. ತಿಂಗಳೊಳಗೆ ಕಳಿಸಿದರೆ ಜಾಗ ಕಾದಿರಿಸುತ್ತೇನೆ. ಕಡಗದ ಇನ್ನೊಂದು ಫೋಟೋ ಬೇಕು, ಹತ್ತಿರದಿಂದ. ಕೆಲವು ಅಕ್ಕಸಾಲಿಗಳು ತಮ್ಮ ಹೆಸರಿನ ಸಣ್ಣ ಮುದ್ರೆ ಒತ್ತುತ್ತಿದ್ದರು. ಒಳಮೈಯಲ್ಲೂ ಹುಡುಕಿ ನೋಡಿ.

ವಿಶ್ವಾಸದಿಂದ,
ಸಂಪಾದಕ