ಟಾಮಿಯನ್ನು ಇಲ್ಲಿಗೆ ಕರೆಸಿಕೊಳ್ಳಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ,

ಬರ್ಲಿನ್‌ಗೆ ಬಂದು ಮೂರು ತಿಂಗಳಾದವರು ಸಾಮಾನ್ಯವಾಗಿ ನನ್ನನ್ನು ಕೇಳುವುದು ಬಾಡಿಗೆ ಮನೆ ಹೇಗೆ ಹುಡುಕುವುದು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅಂತ. ನೀನು ಕೇಳಿದ್ದು ನಾಯಿ ವಿಷಯ. ಹಾಸನದ ನಿಮ್ಮ ಮನೆಯಲ್ಲಿ ಎಂಟು ವರ್ಷದ ಟಾಮಿ ಸಂಜೆ ಆರಕ್ಕೆ, ನಿನ್ನ ಬೈಕ್ ಬರುತ್ತಿದ್ದ ಹೊತ್ತಿಗೆ, ಈಗಲೂ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾನೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದರಂತೆ. ಅವನನ್ನು ಕರೆಸಿಕೊಳ್ಳಲಾ, ಇಲ್ಲೇ ಒಂದನ್ನು ಸಾಕಲಾ, ನಾಯಿಗಳ ಜೊತೆ ಬೆಳೆದವನಿಗೆ ಈ ದೇಶ ಹೇಗೆ ಅಕ್ಕಾ ಅಂತ ಬರೆದಿದ್ದೀಯ.

ನಾನೂ ನಾಯಿಗಳ ಜೊತೆಗೇ ಬೆಳೆದವಳು. ಸಾಗರದ ಹತ್ತಿರ ಅಡಿಕೆ ತೋಟದ ಮನೆ. ಅಲ್ಲಿ 'ನಾಯಿ ಸಾಕಿದ್ದೇವೆ' ಅಂತ ಯಾರೂ ಹೇಳುತ್ತಿರಲಿಲ್ಲ. ನಾಯಿ ಇರುತ್ತಿತ್ತು, ಅಷ್ಟೇ. ಯಾರದೋ ಮನೆಯ ಕೊಟ್ಟಿಗೆಯಲ್ಲಿ ಮರಿ ಹಾಕಿದಾಗ ಅಪ್ಪ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಕಪ್ಪಗಿದ್ದರೆ ಕರಿಯ, ಕೆಂಪಗಿದ್ದರೆ ಕೆಂಚ. ನಮ್ಮಲ್ಲಿ ಮೂರು ಕರಿಯಂದಿರು ಆಗಿಹೋದರು, ರಾಜರ ಹಾಗೆ ಒಂದನೆಯ, ಎರಡನೆಯ ಅಂತ. ಊಟ ಮಜ್ಜಿಗೆ ಅನ್ನ. ಕೆಲಸ ತೋಟಕ್ಕೆ ಬಂದ ಮಂಗ ಓಡಿಸುವುದು. ಜಗುಲಿಯ ಮೆಟ್ಟಿಲಿನವರೆಗೆ ಮಾತ್ರ ಪ್ರವೇಶ. ಮಳೆಗಾಲದಲ್ಲಿ ಬಚ್ಚಲ ಒಲೆಯ ಬೆಚ್ಚಗಿನ ಬೂದಿಯೊಳಗೆ ಸುರುಳಿ ಸುತ್ತಿ ಮಲಗಿದ ಕರಿಯ ಬೆಳಿಗ್ಗೆ ಬೆಳ್ಳಗಾಗಿ ಎದ್ದು ಬರುತ್ತಿದ್ದ. ಜಗುಲಿ ಮುಂದೆ ನಿಂತು ಒಮ್ಮೆ ಮೈ ಒದರಿದರೆ ತಂತಿ ಮೇಲೆ ಒಣಗಲು ಹಾಕಿದ ಬಟ್ಟೆಗೆಲ್ಲ ಬೂದಿ. ಅಜ್ಜಿ ಹಿಡಿಸೂಡಿ ಹಿಡಿದು "ಹಚಾ!" ಅನ್ನುವಷ್ಟರಲ್ಲಿ ಅವನು ತೋಟದಲ್ಲಿರುತ್ತಿದ್ದ.

ಎರಡನೆಯ ಕರಿಯನನ್ನು ಚಿರತೆ ಒಯ್ದಿತು. ರಾತ್ರಿ ಒಂದೇ ಒಂದು ಸಲ ಕಂಯ್ ಅಂದದ್ದು ಕೇಳಿಸಿತು. ಬೆಳಿಗ್ಗೆ ನೋಡಿದರೆ ಚಪ್ಪರದ ಕಂಬಕ್ಕೆ ಕಟ್ಟಿದ ಹಗ್ಗ ಮಾತ್ರ ಇತ್ತು. ಆಮೇಲೆ ಅಪ್ಪ ಯಾವ ನಾಯಿಯನ್ನೂ ರಾತ್ರಿ ಕಟ್ಟಲಿಲ್ಲ. ಬಿಟ್ಟಿದ್ದರೆ ಓಡಿಯಾದರೂ ಹೋಗುತ್ತಿತ್ತು ಅಂತ ಅವರಿಗೆ ಕೊನೆಯವರೆಗೂ ಕೊರಗು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿನಗೂ ನನಗೂ ಗೊತ್ತಿರುವುದು ಮನೆಗೆ ಸೇರಿದ ನಾಯಿ. ಅಂಗಳ, ಗೇಟು, ಬೀದಿ, ಬಂದು ಹೋಗುವವರು, ಎಲ್ಲ ಸೇರಿ ಅದನ್ನು ನೋಡಿಕೊಳ್ಳುತ್ತಿದ್ದವು. ಇಲ್ಲಿ ನಾಯಿ ಒಬ್ಬ ಮನುಷ್ಯನಿಗೆ ಸೇರಿದ್ದು. ಬರ್ಲಿನ್ ಬೀದಿಯಲ್ಲಿ ಒಂಟಿ ನಾಯಿ ಕಂಡರೆ ಜನ ನಿಂತು ಫೋನ್ ತೆಗೆಯುತ್ತಾರೆ, ಕಳೆದುಹೋಗಿದೆ ಅಂತ. ಪ್ರತಿ ಹಗ್ಗದ ಆ ತುದಿಯಲ್ಲಿ ಒಬ್ಬರು ಇರಲೇಬೇಕು. ನಾಯಿ ಇಷ್ಟ ಅನ್ನುವುದು ಬೇರೆ, ಮಳೆಯಲ್ಲಿ ದಿನಕ್ಕೆ ಮೂರು ಸಲ ಆ ತುದಿಯಲ್ಲಿ ನಿಲ್ಲುವುದು ಬೇರೆ. ಇದು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು.

ಈಗ ಟಾಮಿ ವಿಷಯ. ಕರೆಸಬಹುದು, ಕಾನೂನು ಬೇಡ ಅನ್ನುವುದಿಲ್ಲ. ಆದರೆ ರೇಬೀಸ್ ಕಾರಣಕ್ಕೆ ಭಾರತದ ನಾಯಿಗಳಿಗೆ ಯುರೋಪಿನ ನಿಯಮ ಬಿಗಿ. ನಮ್ಮ ಚಿಕ್ಕಂದಿನಲ್ಲಿ ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಹೆದರಿಸುತ್ತಿದ್ದರು, ನೆನಪಿದೆಯಾ? ನಿನಗೆ ಇರಲಿಕ್ಕಿಲ್ಲ, ಆ ಹಳೇ ಲಸಿಕೆ ನಿಂತು ಬಹಳ ಕಾಲವಾಯಿತು. ಇವರು ಕಾಡಿನ ನರಿಗಳಿಗೆ ಅಂತ ಲಸಿಕೆ ತುಂಬಿದ ತಿಂಡಿಯನ್ನು ವಿಮಾನದಿಂದಲೂ ಉದುರಿಸಿ, 2008ರಲ್ಲಿ ಜರ್ಮನಿಯ ನರಿ ನಾಯಿಗಳಲ್ಲಿ ಆ ರೋಗ ಇಲ್ಲ ಅಂತ ಘೋಷಿಸಿಕೊಂಡವರು. ಸುಲಭಕ್ಕೆ ಒಳಗೆ ಬಿಡುತ್ತಾರಾ?

ಮೊದಲು ಟಾಮಿಯ ಕುತ್ತಿಗೆ ಚರ್ಮದಡಿ ಮೈಕ್ರೋಚಿಪ್ ಹಾಕಿಸಬೇಕು. ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಮೊದಲು, ಚಿಪ್ ಆಮೇಲೆ ಆದರೆ ಆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಯುರೋಪ್ ಒಪ್ಪಿದ ಲ್ಯಾಬಿಗೇ ಕಳಿಸಬೇಕು. ಅಲ್ಲಿ, ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಮಿಲಿಲೀಟರಿಗೆ 0.5 ಯೂನಿಟ್ ಆದರೂ ಬರಬೇಕು. ಬಂತು ಅಂದುಕೋ, ರಕ್ತ ತೆಗೆದ ದಿನದಿಂದ ಇನ್ನೂ 3 ತಿಂಗಳು ಕಾಯಬೇಕು. ಕೊನೆಗೆ ಹೊರಡುವ ಮುಂಚೆ ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ. ಎಲ್ಲ ಸರಿಯಾಗಿ ನಡೆದರೆ ನಾಲ್ಕು ತಿಂಗಳ ಮೇಲೆ. ಚಿಕ್ಕ ನಾಯಿಯಾದರೆ ಕೆಲವು ವಿಮಾನಗಳಲ್ಲಿ ಕಾಲ ಬುಡದಲ್ಲಿ ಇಟ್ಟುಕೊಳ್ಳಬಹುದು. ಟಾಮಿ ಫೋಟೋ ನೋಡಿದೆ, ಆ ಮೈಕಟ್ಟಿಗೆ ಕಾರ್ಗೋನೇ ಗತಿ. ಪೆಟ್ಟಿಗೆಯೊಳಗೆ, ಕತ್ತಲಲ್ಲಿ, ಒಬ್ಬನೇ.

ನನ್ನನ್ನು ಕೇಳಿದರೆ ಬೇಡ. ಎಂಟು ವರ್ಷ ಅಂದರೆ ಅವನ ಅರ್ಧ ಆಯಸ್ಸು ದಾಟಿದೆ. ಗೇಟು, ಹಾಲಿನವನು, ಪಕ್ಕದ ಮನೆ ಬೆಕ್ಕಿನ ಮೇಲಿನ ಹಳೇ ಸಿಟ್ಟು, ನಿಮ್ಮಮ್ಮನ ಅಡುಗೆಮನೆ ಬಾಗಿಲು, ಇವೇ ಅವನ ಊರು. ನೀನಿರುವುದು ನಾಲ್ಕನೇ ಮಹಡಿಯ ಒಂದು ರೂಮಿನ ಮನೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರುತ್ತೀಯ. ಅಲ್ಲಿ ಅವನು ದಿನಕ್ಕೆ ಹತ್ತು ನಿಮಿಷ ನಿನಗೆ ಕಾಯುತ್ತಾನೆ, ಇಲ್ಲಿ ಹತ್ತು ಗಂಟೆ ಕಾಯುತ್ತಾನೆ. ಅಮ್ಮ ಹೇಳಿದ ಆರು ಗಂಟೆಯ ಮಾತು ಎದೆಗೆ ಚುಚ್ಚುತ್ತದೆ, ಗೊತ್ತು. ಆದರೆ ಆರೂ ಕಾಲಿಗೆ ಅವನು ಏನು ಮಾಡುತ್ತಾನೆ ಅಂತ ಕೇಳಿದೆಯಾ? ಕೇಳಿ ನೋಡು. ಊಟಕ್ಕೆ ಹೋಗಿರುತ್ತಾನೆ.

ಇಲ್ಲೇ ಒಂದನ್ನು ಸಾಕುವುದಾದರೆ ನನ್ನ ಕಥೆಯನ್ನೇ ಹೇಳುತ್ತೇನೆ. ನಾನು 2006ರಲ್ಲಿ ಬಂದೆ. ಬಂದ ಮೊದಲ ಚಳಿಗಾಲದಲ್ಲಿ ಪಾರ್ಕ್ ಬೆಂಚಿನ ಮೇಲೆ ಚಹಾ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದೆ. ಒಂದು ಡಾಕ್ಸ್‌ಹುಂಡ್ ಬಂದು ನನ್ನ ಬೂಟು ಮೂಸಿತು. ಎಷ್ಟು ದಿನವಾಗಿತ್ತೋ ಒಂದು ನಾಯಿ ಮುಟ್ಟಿ! ಚೀಲದಿಂದ ಪಾರ್ಲೆ-ಜಿ ತೆಗೆದು ಅರ್ಧ ಮುರಿದು ಕೊಟ್ಟೇಬಿಟ್ಟೆ. ಅದು ನುಂಗಿತು. ಹಿಂದೆ ಬಂದ ಅಜ್ಜಿ ನೋಡಿದರು. ನನಗಾಗ ಬರುತ್ತಿದ್ದದ್ದು ಇಪ್ಪತ್ತು ಜರ್ಮನ್ ಪದ, ಅವರು ಬೈದದ್ದು ಇನ್ನೂರು ಪದ. ಅದಕ್ಕೆ ಗೋಧಿ ಆಗುವುದಿಲ್ಲವಂತೆ. ಗೋಧಿ ಆಗದ ನಾಯಿ! ನಾನು ಕೇಳಿರಲೇ ಇಲ್ಲ. ಇಲ್ಲಿ ಮುಟ್ಟುವ ಮುಂಚೆ ಕೇಳಬೇಕು, ತಿನ್ನಲು ಕೊಡುವ ಮುಂಚೆ ಖಂಡಿತ ಕೇಳಬೇಕು. ನಮ್ಮೂರಲ್ಲಿ ನಾಯಿಯನ್ನೇ ಕೇಳುತ್ತಿದ್ದೆವು, ಕೈ ಚಾಚಿ. ಇಲ್ಲಿ ಕೇಳುವುದು ಮಾಲೀಕರನ್ನು.

ಅದಾದ ಮೇಲೆ ಹತ್ತು ವರ್ಷ ನಾನು ಪರರ ನಾಯಿ ನೋಡಿಕೊಂಡೇ ಕಳೆದೆ. ನಾಯಿ ಅಡ್ಡಾಡಿಸುವುದಕ್ಕೆ ಇಲ್ಲಿ 'ಗಾಸಿ' ಹೋಗುವುದು ಅನ್ನುತ್ತಾರೆ. ಘಾಸಿ ಅಲ್ಲ, ಗಾಸಿ. ಮೊದಲ ಸಲ ಪಕ್ಕದ ಮನೆಯವರು "ನಾಯಿಯನ್ನು ಗಾಸಿಗೆ ಕರೆದುಕೊಂಡು ಹೋಗುತ್ತೀಯಾ" ಅಂದಾಗ ಒಂದು ಕ್ಷಣ ಗಾಬರಿಯಾಗಿತ್ತು. ಅವರ ಮುದಿ ಲ್ಯಾಬ್ರಡಾರನ್ನು ವಾರಕ್ಕೆ ಎರಡು ದಿನ ಸುತ್ತಾಡಿಸುತ್ತಾ ನಾನು ಜರ್ಮನ್ ಕಲಿತೆ. ಕ್ಲಾಸಿನಲ್ಲಿ ಬಾರದ ಮಾತು ನಾಯಿ ಹಗ್ಗ ಕೈಯಲ್ಲಿದ್ದಾಗ ಬಂತು. ಬೀದಿಯವರಿಗೆ ನಾಯಿಯ ಹೆಸರು ಗೊತ್ತಿತ್ತು, ನನ್ನ ಹೆಸರು ಇವತ್ತಿಗೂ ಅರ್ಧ ಜನಕ್ಕೆ ಗೊತ್ತಿಲ್ಲ.

2017ರಲ್ಲಿ ಕೆಂಚಿ ಬಂದಳು. ರೊಮೇನಿಯಾದ ಬೀದಿ ನಾಯಿ. ಅಲ್ಲಿಂದ ಹಿಡಿದು ತಂದ ನಾಯಿಗಳು ಜರ್ಮನಿಯ ತುಂಬ ಇವೆ. ಫೋಟೋ ನೋಡಿದಾಗಲೇ ಸೋತುಹೋದೆ. ಕೆಂಪು ಮೈ, ಒಂದು ಕಿವಿ ಮಡಚಿದ್ದು, ಥೇಟ್ ನಮ್ಮೂರ ಬಸ್‌ಸ್ಟ್ಯಾಂಡಿನ ಕಂತ್ರಿ. ಅವಳಿಗೆ ಹಳದಿ ನಕ್ಷತ್ರಗಳ ನೀಲಿ ಯುರೋಪಿಯನ್ ಪಾಸ್‌ಪೋರ್ಟ್ ಇತ್ತು. ಹನ್ನೊಂದು ವರ್ಷದಿಂದ ತೆರಿಗೆ ಕಟ್ಟುತ್ತಿದ್ದ ನನಗೆ ಇರಲಿಲ್ಲ.

ತೆರಿಗೆ ಅಂದ ಮೇಲೆ ಹೇಳಿಬಿಡುತ್ತೇನೆ. ಇಲ್ಲಿ ನಾಯಿಗೂ ತೆರಿಗೆ. ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ, ಎರಡನೆಯದಕ್ಕೆ 180. ನಾಯಿ ಯಾರಿಗಾದರೂ ಹಾನಿ ಮಾಡಿದರೆ ಅಂತ ವಿಮೆಯೂ ಕಡ್ಡಾಯ. ಡಾಕ್ಟರ ಫೀಸಿಗೆ ಸರ್ಕಾರವೇ ಪಟ್ಟಿ ಮಾಡಿದೆ. 2022ರ ನವೆಂಬರಿನಲ್ಲಿ ಏರಿದ ಪಟ್ಟಿಯಲ್ಲಿ ಬರೀ ಮೈ ಮುಟ್ಟಿ ನೋಡುವುದಕ್ಕೇ 23.62 ಯೂರೋ, ಅದೂ ಕನಿಷ್ಠ ದರ, ಟ್ಯಾಕ್ಸ್ ಬೇರೆ. ರಾತ್ರಿ ಅಥವಾ ಭಾನುವಾರ ತುರ್ತಿಗೆ ಓಡಿದರೆ ಮೇಲೆ 50 ಯೂರೋ. ನಾನು ಓಡಿದ್ದೇನೆ. ಕಿವಿಯೊಳಗೆ ಒಂದು ಹುಲ್ಲಿನ ತೆನೆ ಸೇರಿತ್ತು. ಅದನ್ನು ಕಿತ್ತ ಬಿಲ್ ನೋಡಿ ಊರಲ್ಲಿ ಒಂದು ಹಸುವಿನ ಕರು ಬರುತ್ತಿತ್ತು ಅನ್ನಿಸಿತು.

ಬಾಡಿಗೆ ಮನೆಯವರನ್ನು ಮೊದಲೇ ಕೇಳು. ನಾಯಿ ಬೆಕ್ಕು ಇಡಲೇಬಾರದು ಅಂತ ಸಾರಾಸಗಟಾಗಿ ಕರಾರಿನಲ್ಲಿ ಬರೆಯುವಂತಿಲ್ಲ ಅಂತ ಇಲ್ಲಿನ ಉನ್ನತ ನ್ಯಾಯಾಲಯ 2013ರಲ್ಲೇ ಹೇಳಿದೆ. ಹಾಗಂತ ಕೇಳದೆ ತರಬೇಡ. ಪಕ್ಕದವರಿಗೆ ತೊಂದರೆಯಾ, ಮನೆ ಎಷ್ಟು ದೊಡ್ಡದು, ಎಲ್ಲ ನೋಡಿ ತೀರ್ಮಾನ ಮಾಡುತ್ತಾರೆ.

ರೈಲಿನಲ್ಲಿ, ಎಷ್ಟೋ ಹೋಟೆಲುಗಳಲ್ಲಿ ನಾಯಿಯನ್ನು ಬಿಡುತ್ತಾರೆ. ಸೂಪರ್ ಮಾರ್ಕೆಟ್ಟಿಗೆ ಮಾತ್ರ ಇಲ್ಲ. ಬಾಗಿಲಲ್ಲಿ ನಾಯಿ ಚಿತ್ರ, ಕೆಳಗೆ 'ನಾವು ಹೊರಗೇ ಇರಬೇಕು' ಅಂತ ಬರಹ, ಗೋಡೆಗೆ ಹಗ್ಗ ಕಟ್ಟಲು ಒಂದು ಕೊಕ್ಕೆ. ಅಲ್ಲಿ ಕೆಂಚಿ ಕೂತು ಬಾಗಿಲು ನೋಡುವುದನ್ನು ಕಂಡಾಗಲೆಲ್ಲ ನನಗೆ ಜಗುಲಿ ಮೆಟ್ಟಿಲಿನ ಕರಿಯ ನೆನಪಾಗುತ್ತಾನೆ. ಈ ಒಂದು ವಿಷಯದಲ್ಲಿ ಜರ್ಮನ್ನರೂ ನಮ್ಮಜ್ಜಿಯೂ ಒಂದೇ.

ಡಿಸೆಂಬರ್ 31ರ ರಾತ್ರಿಗೆ ತಯಾರಾಗಿರು. ನಮ್ಮ ದೀಪಾವಳಿಯ ಪಟಾಕಿಯನ್ನೆಲ್ಲ ಒಂದೇ ರಾತ್ರಿಗೆ ಸುರಿದ ಹಾಗೆ. ಕೆಂಚಿ ಬಚ್ಚಲುಮನೆಯ ಟಬ್ಬಿನೊಳಗೆ ಮುದುರಿಕೊಳ್ಳುತ್ತಾಳೆ. ನಾನು ಹೊರಗೆ ಚಾಪೆ ಹಾಕಿಕೊಂಡು ಕೂತಿರುತ್ತೇನೆ. ಹೊಸ ವರ್ಷಗಳೆಲ್ಲ ನನಗೆ ಹೀಗೇ ಬಂದಿವೆ.

ಭಾಷೆಯದ್ದೊಂದು ತಮಾಷೆ ಇದೆ. ನಾಯಿ ಸ್ಕೂಲಿನಲ್ಲಿ ಟೀಚರು, ನಿನಗೆ ಸಿಟ್ಟಿನಲ್ಲೂ ಬಾಯಿಗೆ ಬರುವ ಪದಗಳನ್ನೇ ಆರಿಸಿಕೋ ಅಂದರು. ಸಿಟ್ಟಿನಲ್ಲಿ ನನಗೆ ಕನ್ನಡ ಬಿಟ್ಟು ಬೇರೇನು ಬರುತ್ತದೆ? ಬಾ, ಕೂತ್ಕೋ, ಬೇಡ, ಸಾಕು. ಕೆಳಗಿನ ಮಹಡಿಯಲ್ಲಿ ಒಬ್ಬರು ಅಜ್ಜ ಇದ್ದಾರೆ, ಎಂಬತ್ತು ದಾಟಿದೆ. ನಾನು ಊರಿಗೆ ಹೋದಾಗ ಕೆಂಚಿಯನ್ನು ನೋಡಿಕೊಳ್ಳುವುದು ಅವರೇ. ಮೆಟ್ಟಿಲಿನಲ್ಲಿ ಅವರು ಗಡಸು ಬರ್ಲಿನ್ ದನಿಯಲ್ಲಿ "ಕೂತ್ಕೋ" ಅಂದರೆ ಕೆಂಚಿ ಕೂರುತ್ತಾಳೆ. ಒಮ್ಮೊಮ್ಮೆ ಸುಮ್ಮನೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ಈ ಕಟ್ಟಡದಲ್ಲಿ ನನ್ನ ಬಿಟ್ಟು ಕನ್ನಡ ಬರುವವರು ಅವರಿಬ್ಬರೇ.

ನಾಯಿ ಬೇಕೇ ಬೇಕು ಅಂದರೆ ಮರಿ ಕೊಳ್ಳಲು ಆತುರ ಬೀಳಬೇಡ. ಫಾಲ್ಕೆನ್‌ಬೆರ್ಗ್‌ನಲ್ಲಿ ಬರ್ಲಿನ್ ಟೀಯರ್‌ಹೈಮ್ ಇದೆ, ಮನೆಯಿಲ್ಲದ ಪ್ರಾಣಿಗಳ ಆಶ್ರಯ. ಅದನ್ನು ನಡೆಸುವ ಸಂಘ ಶುರುವಾದದ್ದು 1841ರಲ್ಲಿ. ಒಂದು ದಿನ ಹೋಗಿ ನೋಡಿ ಬಾ. ಕೈ ಬೀಸಿಕೊಂಡು ಹೋಗಿ ನಾಯಿ ಹಿಡಿದು ಬರುವ ಜಾಗ ಅಲ್ಲ ಅದು. ಎಷ್ಟು ಹೊತ್ತು ಕೆಲಸ, ರಜೆಯಲ್ಲಿ ಊರಿಗೆ ಹೋದರೆ ಯಾರು ನೋಡುತ್ತಾರೆ ಅಂತೆಲ್ಲ ಕೇಳುತ್ತಾರೆ, ಹೆಣ್ಣು ಕೊಡುವ ಮನೆಯವರ ಹಾಗೆ. ಕೇಳಲಿ ಬಿಡು. ಆ ಪ್ರಶ್ನೆಗಳಿಗೆ ನಿನ್ನ ಹತ್ತಿರ ಇವತ್ತು ಉತ್ತರ ಇಲ್ಲ, ಅಲ್ವಾ? ಒಂದು ವರ್ಷ ಕಳೆಯಲಿ. ಅಲ್ಲಿಯವರೆಗೆ ಕೆಂಚಿ ಇದ್ದಾಳೆ.

ಈ ಭಾನುವಾರ ಹತ್ತು ಗಂಟೆಗೆ ಗ್ರೂನೆವಾಲ್ಡ್ ಎಸ್-ಬಾನ್ ಸ್ಟೇಷನ್ ಹತ್ತಿರ ಬಾ. ಅಲ್ಲಿಂದ ಕಾಡಿನೊಳಗೆ ನಡೆದರೆ ಕೆರೆ ಸಿಗುತ್ತದೆ, ನಾಯಿಗಳನ್ನು ಹಗ್ಗ ಬಿಚ್ಚಿ ಬಿಡಬಹುದಾದ ಜಾಗ. ಹಳೇ ಪ್ಯಾಂಟ್ ಹಾಕಿಕೋ, ಕೆಂಚಿ ನೀರಿನಿಂದ ಎದ್ದು ಬಂದು ನಮ್ಮ ಪಕ್ಕದಲ್ಲೇ ಮೈ ಒದರುತ್ತಾಳೆ. ಜೇಬಿನಲ್ಲಿ ಪಾರ್ಲೆ-ಜಿ ಮಾತ್ರ ತರಬೇಡ. ತಂದರೂ ನನಗೆ ಕೊಡು.