ನ್ಯಾಯಾಲಯಕ್ಕಾಗಿ ಮನಸ್ಸನ್ನು ಪರೀಕ್ಷಿಸುವ ಕೆಲಸ: ಬಾಗಲಕೋಟೆಯ ತಂಗಿಗೆ ಉತ್ತರ

ತಂಗಿ, ಧಾರವಾಡದಲ್ಲಿ ಮನಃಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ ಬರುವ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದೀರಿ, ಫೋರೆನ್ಸಿಕ್ ಸೈಕಾಲಜಿಸ್ಟ್, ಅಂದರೆ ನ್ಯಾಯಾಲಯಕ್ಕಾಗಿ ಮನಸ್ಸನ್ನು ಪರೀಕ್ಷಿಸುವ ಮನಃಶಾಸ್ತ್ರಜ್ಞೆ, ಆಗಬೇಕೆಂಬ ಆಸೆಯಿದೆ. ಆ ಕೆಲಸ ನಿಜವಾಗಿ ಹೇಗಿರುತ್ತದೆ, ಆರೋಪಿ ಸುಳ್ಳು ಹೇಳುತ್ತಿದ್ದಾನೆಯೇ ಎಂದು ಕಂಡುಹಿಡಿಯುವುದೇ ಅದರ ತಿರುಳೇ, ಸಂಬಳ ಸಾಲುತ್ತದೆಯೇ, ಹೆಣ್ಣುಮಗಳೊಬ್ಬಳೇ ಇರಬಹುದೇ ಎಂದು ಕೇಳಿದ್ದೀರಿ. ನೀವು ನವನಗರದವರೆಂದು ಓದಿದ ಮೇಲೆ, ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುವ ನನಗೆ ಸುಮ್ಮನಿರಲು ಮನಸ್ಸಾಗಲಿಲ್ಲ. ನಮ್ಮ ಮನೆ ಹಳೆಯ ಊರಿನಲ್ಲಿತ್ತು. ಈಗ ಅಲ್ಲಿ ಆಲಮಟ್ಟಿಯ ಹಿನ್ನೀರು ನಿಂತಿದೆ.

ಒಬ್ಬರೇ ಇರಬಹುದು, ಭಯ ಬೇಡ. ಸಂಬಳ ಬಾಡಿಗೆ ಕಳೆದು ಬದುಕಲು ಸಾಕಾಗುತ್ತದೆ, ಊರಲ್ಲಿ ಹೊಲ ಕೊಳ್ಳುವಷ್ಟು ಬೇಗ ಕೂಡುವುದಿಲ್ಲ. ಜೋಳದ ಹಿಟ್ಟು ಸಿಗುತ್ತದೆ, ಆದರೆ ಹಳೆಯದಾಗಿರುವುದರಿಂದ ರೊಟ್ಟಿ ಬಿರಿಯುತ್ತದೆ. ಅವ್ವನ ಕೈಯಿಂದ ಕಟಕ ರೊಟ್ಟಿ ಮಾಡಿಸಿಕೊಂಡು ಬನ್ನಿ.

ಓದಿನ ದಾರಿ ಉದ್ದವಿದೆ. ಇಲ್ಲಿ ಈ ವೃತ್ತಿಯ ಹೆಸರಿಗೇ ಕಾನೂನಿನ ರಕ್ಷಣೆಯಿದೆ. 2009ರಿಂದ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಣಿಯಾಗದವರು ತಮ್ಮನ್ನು ಫೋರೆನ್ಸಿಕ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ. ನಿಮ್ಮ ಧಾರವಾಡದ ಪದವಿಯನ್ನು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಮಾನ್ಯ ಮಾಡುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ. ಒಂದು ವರ್ಷದ ಎಂ.ಎಸ್ಸಿ. ಮುಗಿದರೂ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡಿದ ಮೇಲೆಯೇ ನೋಂದಣಿಗೆ ಅರ್ಹತೆ ಬರುತ್ತದೆ. ಆ ತರಬೇತಿಯ ಸ್ಥಾನಗಳಿಗೆ ಪೈಪೋಟಿ ಬಹಳ, ವೀಸಾದ ಗಡುವೂ ಜೊತೆಗಿರುತ್ತದೆ.

ಸುಳ್ಳು ಪತ್ತೆಯ ಬಗ್ಗೆ ಹೇಳುವುದಾದರೆ, ಅದು ನಮ್ಮ ಕೆಲಸವಲ್ಲ. ಆರೋಪಿ ಬೇಕೆಂದೇ ತಪ್ಪು ಉತ್ತರ ಕೊಟ್ಟು ಬುದ್ಧಿಮಾಂದ್ಯನಂತೆ ನಟಿಸುತ್ತಿದ್ದಾನೆಯೇ ಎಂದು ನೋಡುವ ಪರೀಕ್ಷೆಗಳಿವೆ. ಆದರೆ ಅಪರಾಧ ಮಾಡಿದನೇ ಇಲ್ಲವೇ ಎಂಬುದನ್ನು ತೀರ್ಮಾನಿಸುವವರು ಜ್ಯೂರಿಯವರು, ಅಂದರೆ ಆ ಪ್ರಕರಣಕ್ಕೆಂದು ಆರಿಸಿದ ಸಾಮಾನ್ಯ ನಾಗರಿಕರು. ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್‌ಗಳನ್ನು ಒಪ್ಪಿಗೆಯಿಲ್ಲದೆ ಮಾಡಕೂಡದೆಂದು ನಮ್ಮ ಸುಪ್ರೀಂ ಕೋರ್ಟು 2010ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿಯೇ ಹೇಳಿರುವುದನ್ನು ನೀವು ಓದಿರುತ್ತೀರಿ.

ನಮ್ಮನ್ನು ಕೇಳುವ ಪ್ರಶ್ನೆಗಳು ಬೇರೆ. ಈ ಮನುಷ್ಯನಿಗೆ ತನ್ನ ಮೇಲಿನ ಆರೋಪ ಅರ್ಥವಾಗುತ್ತದೆಯೇ, ವಕೀಲರಿಗೆ ತನ್ನ ಕಡೆಯ ಸಂಗತಿ ಹೇಳಬಲ್ಲನೇ, ವಿಚಾರಣೆಯನ್ನು ಅನುಸರಿಸಬಲ್ಲನೇ, ತಾನೇ ಸಾಕ್ಷಿ ನುಡಿಯಬಲ್ಲನೇ ಎಂಬ ಅಳತೆಗೋಲು 1836ರ ಪ್ರಿಚರ್ಡ್ ಪ್ರಕರಣದಿಂದ ಶುರುವಾಗಿ ಮುಂದಿನ ತೀರ್ಪುಗಳಲ್ಲಿ ಬೆಳೆದು ಬಂದಿದೆ. ಆ ಆರೋಪಿ ಕಿವಿ ಕೇಳದ, ಮಾತು ಬಾರದ ವ್ಯಕ್ತಿ. ಆರೋಪಿ ವಿಚಾರಣೆಗೆ ಅನರ್ಹನೆಂದು ನ್ಯಾಯಾಲಯ ನಿರ್ಣಯಿಸಬೇಕಾದರೆ ಇಬ್ಬರು ವೈದ್ಯರ ಸಾಕ್ಷ್ಯ ಬೇಕೇ ಬೇಕು, ನಮ್ಮ ವರದಿ ಅದಕ್ಕೆ ಪೂರಕ.

ಇನ್ನೊಂದು ಪ್ರಶ್ನೆ ತಪ್ಪೊಪ್ಪಿಗೆಯದು, ನೀವು ಹೆಚ್ಚು ಸಿದ್ಧರಾಗಿ ಬರಬೇಕಾದದ್ದು ಇದಕ್ಕೆ. ನಮ್ಮ ದೇಶದಲ್ಲಿ ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಸಾಕ್ಷ್ಯವಾಗಿ ಬಳಸುವಂತಿಲ್ಲ, ಇಲ್ಲಿ ಬಳಸಬಹುದು. ಆದ್ದರಿಂದ ಒತ್ತಾಯಕ್ಕೆ ಬಾಗುವ ಸ್ವಭಾವವನ್ನು ಅಳೆಯಲು ಗಿಸ್ಲಿ ಗಡ್ಜಾನ್ಸನ್ ಎಂಬ ಐಸ್‌ಲ್ಯಾಂಡಿನ ಮನಃಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ರೂಪಿಸಿದರು. ಚಿಕ್ಕ ಕಥೆಯೊಂದನ್ನು ಓದಿ ಹೇಳಿ, ದಾರಿ ತಪ್ಪಿಸುವ ಕೆಲವು ಪ್ರಶ್ನೆಗಳನ್ನೂ ಸೇರಿಸಿ ಕೇಳಿ, ಆಮೇಲೆ ‘ನಿಮ್ಮ ಉತ್ತರಗಳು ತಪ್ಪಾಗಿವೆ, ಮತ್ತೊಮ್ಮೆ ಹೇಳಿ’ ಎಂದು ಗಡುಸಾಗಿ ನುಡಿದಾಗ ಎಷ್ಟು ಉತ್ತರಗಳು ಬದಲಾಗುತ್ತವೆ ಎಂದು ನೋಡುತ್ತೇವೆ. 1985ರ ಟಾಟೆನ್‌ಹ್ಯಾಮ್ ಗಲಭೆಯಲ್ಲಿ ನಡೆದ ಪೊಲೀಸ್ ಅಧಿಕಾರಿಯ ಕೊಲೆಗಾಗಿ ಶಿಕ್ಷೆಗೊಳಗಾದ ಎಂಜಿನ್ ರಾಘಿಪ್ ಅವರ ಮೇಲ್ಮನವಿಯಲ್ಲಿ ಇಂಥ ಸಾಕ್ಷ್ಯವನ್ನು ನ್ಯಾಯಾಲಯ ಒಪ್ಪಿತು, 1991ರಲ್ಲಿ ಶಿಕ್ಷೆ ರದ್ದಾಯಿತು.

ಈಗ ನಮ್ಮ ಕಡೆಯ ಒಬ್ಬ ಹಿರಿಯರನ್ನು ಆ ಪರೀಕ್ಷೆಯ ಮುಂದೆ ಕೂರಿಸಿ ಯೋಚಿಸಿರಿ. ಮುಳುಗಡೆ ಪರಿಹಾರದ ಕಚೇರಿಯಲ್ಲಿ ಸಾಹೇಬರು ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿ, ತಲೆ ಬಾಗಿಸಿ ಹೊರಬಂದ ರೈತರನ್ನು ನಾನು ಕಂಡಿದ್ದೇನೆ, ನಿಮ್ಮ ಮನೆಯಲ್ಲಿಯೂ ಆ ಮಾತು ಬಂದಿರುತ್ತದೆ. ಅಂಥವರ ಉತ್ತರ ಬದಲಾದರೆ ಅದು ಮನಸ್ಸಿನ ದೌರ್ಬಲ್ಯವೋ, ಮೇಜಿನ ಆಚೆ ಕುಳಿತವರಿಗೆ ಎದುರಾಡಬಾರದೆಂದು ಜೀವನ ಕಲಿಸಿದ ಎಚ್ಚರವೋ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಬುದ್ಧಿಮತ್ತೆಯ ಪರೀಕ್ಷೆಗಳ ಮಾತೂ ಹೀಗೆಯೇ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿಯೇ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿಕೊಟ್ಟದ್ದು ನಮ್ಮ ಸೀಮೆಯ ಹೆಮ್ಮೆ. ಇಲ್ಲಿನ ಪರೀಕ್ಷೆಯ ಮಾನದಂಡವಾದರೋ ಇಲ್ಲಿಯೇ ಓದಿ ಬೆಳೆದವರದು. ಇದನ್ನೆಲ್ಲ ವರದಿಯಲ್ಲಿ ಬಿಡಿಸಿ ಬರೆಯಬೇಕು, ನಮ್ಮವರೆಂಬ ಮಮತೆಯಿಂದ ಒಂದು ಅಕ್ಷರವನ್ನೂ ಮೃದುಗೊಳಿಸದೆ ಬರೆಯಬೇಕು.

ನನಗೆ ಅತ್ಯಂತ ಕಠಿಣವಾದ ಪಾಠ ಇದಕ್ಕಿಂತ ಮೊದಲಿನದು. ಬಂದ ಹೊಸತರಲ್ಲಿ, ಜೈಲಿನ ಸಂದರ್ಶನ ಕೋಣೆಯಲ್ಲಿ ನನ್ನ ಹಿಂದೆ ಕುಳಿತಿದ್ದ ಮೇಲ್ವಿಚಾರಕಿ, ‘ನೀನು ಪ್ರೀತಿಯಿಂದ ಮಾತನಾಡುತ್ತೀಯ, ಅದೇ ಅವನಿಗೆ ಅಪಾಯವಾಗಬಹುದು’ ಎಂದಾಗ ನನಗೆ ಬಹಳ ನೋವಾಗಿತ್ತು. ಕುಳಿತವರನ್ನು ಊಟವಾಯಿತೇ ಎಂದು ಕೇಳಿ ಮಾತು ತೆಗೆಯುವ ಊರಿನಿಂದ ಬಂದವಳು ನಾನು. ಆದರೆ ತಿಂಗಳುಗಟ್ಟಲೆ ಯಾರ ಮೆಲುಮಾತನ್ನೂ ಕೇಳದ ಆರೋಪಿ ನಿಮ್ಮನ್ನು ಡಾಕ್ಟರೆಂದೋ ಅಕ್ಕನೆಂದೋ ನಂಬಿ, ವಕೀಲರಿಗೂ ಹೇಳದ್ದನ್ನು ಹೇಳಿಬಿಡುತ್ತಾನೆ. ನಿಮ್ಮನ್ನು ನ್ಯಾಯಾಲಯ ನೇಮಿಸಿದ್ದರೆ ಆ ಮಾತು ನ್ಯಾಯಾಧೀಶರ ಮೇಜಿಗೆ ಹೋಗುತ್ತದೆ. ಆತನ ವಕೀಲರೇ ನೇಮಿಸಿದ್ದರೂ ನಿಮ್ಮ ಮೊದಲ ಕರ್ತವ್ಯ ನ್ಯಾಯಾಲಯಕ್ಕೇ ಸೇರಿದ್ದು. ಆದ್ದರಿಂದ ನೀವು ಯಾರು, ಯಾರಿಗಾಗಿ ಬಂದಿದ್ದೀರಿ, ಆತ ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ಹೇಳಿ, ಆತನ ಮಾತಿನಲ್ಲಿಯೇ ತಿರುಗಿ ಹೇಳಿಸಿ, ಮಾತು ಮೆತ್ತಗಾಗತೊಡಗಿದಾಗ ಇನ್ನೊಮ್ಮೆ ನೆನಪಿಸಬೇಕು. ನೆನಪಿಸಿದ ಕ್ಷಣವೇ ಎದುರಿನ ಮುಖ ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಳ್ಳಲು ಬಿಡಬೇಕು.

‘ಮತ್ತೆ ಯಾವಾಗ ಬರುತ್ತೀರಿ’ ಎಂದು ಕೇಳಿದವರಿಗೆ ಬರುವುದಿಲ್ಲವೆಂದೇ ಹೇಳಬೇಕು. ಚಿಕಿತ್ಸೆ ಬೇಕಿದ್ದವರನ್ನು ವರದಿಯ ಒಂದು ಸಾಲಿನ ಶಿಫಾರಸಿಗೆ ಒಪ್ಪಿಸಿ ಬಂದ ಕೊರಗು ಇಷ್ಟು ವರ್ಷಗಳಾದರೂ ನನ್ನಲ್ಲಿ ಆರಿಲ್ಲ. ಹಿಂಡಲಗಾದಲ್ಲೋ ವಿಜಯಪುರದ ದರ್ಗಾ ಜೈಲಿನಲ್ಲೋ ಕುಳಿತ ವಿಚಾರಣಾಧೀನರಿಗೆ ಈ ವಿದ್ಯೆಯಿಂದ ಉಪಯೋಗವಾಗಬೇಕಿತ್ತು ಎಂಬ ಕೊರಗು ಅದಕ್ಕಿಂತ ದೊಡ್ಡದು. ನೀವಾದರೂ ಕಲಿತು ಮರಳುವ ವಿಚಾರವನ್ನು ಈಗಲೇ ಕೈಬಿಡಬೇಡಿ.

ಹೊರಡುವ ಮೊದಲು ನವನಗರದ ಜಿಲ್ಲಾ ನ್ಯಾಯಾಲಯದಲ್ಲಿ, ವಕೀಲರೊಬ್ಬರನ್ನು ವಿಚಾರಿಸಿಕೊಂಡು, ಸಾಕ್ಷಿದಾರರ ಪಾಟೀಸವಾಲು ನಡೆಯುವ ಕೆಲವು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಇಂಗ್ಲೆಂಡಿನ ಕ್ರಿಮಿನಲ್ ಪ್ರೊಸೀಜರ್ ರೂಲ್ಸ್‌ನ 19ನೇ ಭಾಗವನ್ನು ಅಂತರಜಾಲದಲ್ಲಿ ಹುಡುಕಿ ಓದಿಕೊಳ್ಳಿ. ತಜ್ಞ ಸಾಕ್ಷಿಯ ಕರ್ತವ್ಯಗಳೆಲ್ಲ ಅದರಲ್ಲಿವೆ.