ಪಟ್ಟಿಯಲ್ಲಿ ಹೆಸರಿಲ್ಲದವನ ಪ್ರಶ್ನೆ

ಮಾನ್ಯ ಓದುಗರೇ,

ಕುಮಟಾದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ನಿಮ್ಮ ಹೆಸರನ್ನಾಗಲಿ, ನೀವು ದುಡಿಯುವ ಸಂಸ್ಥೆಯ ಹೆಸರನ್ನಾಗಲಿ ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಪತ್ರವನ್ನು ಕಾಣದ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ಸರ್ಕಾರಿ ಒಡೆತನದ ಸಂಸ್ಥೆಯೊಂದರಲ್ಲಿ ನಿಮ್ಮದು 22 ವರ್ಷಗಳ ಸೇವೆ. ಪ್ರತಿ ತಿಂಗಳೂ ಸಂಬಳದಲ್ಲಿ ಸಂಘದ ಚಂದಾ ಮುರಿಯುತ್ತದೆ. ವೇತನ ಪರಿಷ್ಕರಣೆ ಹೇಗಿದ್ದರೂ ಆಗಿಯೇ ಆಗುತ್ತದೆ, ಮುಷ್ಕರ ಹೂಡಿದರೆ ನ್ಯಾಯಾಲಯ ತಡೆಯುತ್ತದೆ, ಪದಾಧಿಕಾರಿಗಳಿಗೆ ಮಾತ್ರ ಬೇಕಾದ ಊರಿನಲ್ಲಿ ಬೇಕಾದ ಕೆಲಸ ಸಿಗುತ್ತದೆ. ಹೀಗಿರುವಾಗ ಸಂಘದಿಂದ ನನಗೇನು ಪ್ರಯೋಜನ ಎಂಬುದು ನಿಮ್ಮ ಪ್ರಶ್ನೆ. ಪತ್ರದ ಕೊನೆಗೆ, ಮರೆತು ನೆನಪಾದಂತೆ, ಇನ್ನೊಂದು ಸಾಲನ್ನು ಸೇರಿಸಿದ್ದೀರಿ: ನಿಮ್ಮ ಪಕ್ಕದಲ್ಲೇ ಅದೇ ಕೆಲಸ ಮಾಡುವ ಹೊರಗುತ್ತಿಗೆಯ ಹುಡುಗ ಸದಸ್ಯತ್ವ ಕೇಳಲು ಹೋದಾಗ, ‘ನೀನು ನಮ್ಮ ಪಟ್ಟಿಯಲ್ಲಿ ಇಲ್ಲ’ ಎಂದು ಹೇಳಿ ಕಳುಹಿಸಿದರಂತೆ. ಆ ಸಾಲಿಗೆ ಆಮೇಲೆ ಬರುತ್ತೇನೆ.

ವೇತನ ಪರಿಷ್ಕರಣೆ ತಾನಾಗಿಯೇ ಆಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದ ದಿನವೇ ಮೂಲವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂತು. ಇದೇ ರಾಜ್ಯದ ಸಾರಿಗೆ ನೌಕರರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2020ರ ಜನವರಿಯಿಂದ ಸಿಗಬೇಕಾಗಿದ್ದ ಶೇ. 15ರ ಹೆಚ್ಚಳ ಅವರ ಕೈಸೇರಿದ್ದು 2023ರ ಮಾರ್ಚ್‌ನಲ್ಲಿ. ನಡುವಿನ 38 ತಿಂಗಳ ಹಿಂಬಾಕಿಗಾಗಿ ಅವರು 2025ರ ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು. ಪರಿಷ್ಕರಣೆ ತಾನಾಗಿ ಆಗುವಂಥದ್ದಾಗಿದ್ದರೆ ಒಬ್ಬರಿಗೆ ಒಂದೇ ದಿನದಲ್ಲಿ ಆದದ್ದು ಇನ್ನೊಬ್ಬರಿಗೆ ಮೂರು ವರ್ಷ ತಡವಾಗಬಾರದಿತ್ತು.

ಇದರಲ್ಲಿ ಒಂದು ವಿಚಿತ್ರವೂ ಇದೆ. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲಿ, ತಮಿಳುನಾಡಿನ ನೌಕರರು ಲಕ್ಷಕ್ಕೂ ಮೀರಿ ಒಟ್ಟಿಗೇ ವಜಾಗೊಂಡ ಪ್ರಕರಣದಲ್ಲಿ, ಸ್ಪಷ್ಟವಾಗಿಯೇ ಹೇಳಿದೆ. ಸಾರಿಗೆ ನಿಗಮದ ಕಾರ್ಮಿಕರಿಗಾದರೋ, ಮುಂಚಿತವಾಗಿ ನೋಟಿಸು ಕೊಟ್ಟು ಮುಷ್ಕರ ಹೂಡುವ ದಾರಿಯನ್ನು ಕೈಗಾರಿಕಾ ಕಾನೂನೇ ತೆರೆದಿಟ್ಟಿತ್ತು. ಆದರೂ ಗೆದ್ದವರು ಹಕ್ಕಿಲ್ಲದವರು. 2021ರ ಏಪ್ರಿಲ್‌ನಲ್ಲಿ ಎರಡು ವಾರ ಬಸ್ಸುಗಳು ನಿಂತಾಗ ಆ ಮುಷ್ಕರಕ್ಕೆ ಕರೆ ಕೊಟ್ಟದ್ದು ಹಳೆಯ ಸಂಘಗಳಲ್ಲ, ಹೊಸದಾಗಿ ಹುಟ್ಟಿದ ನೌಕರರ ಕೂಟ. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಬೇಕೆಂಬ ಬೇಡಿಕೆ ಈಡೇರದೆಯೇ ಅದು ಮುಗಿಯಿತು. ವಜಾ, ಅಮಾನತು, ವರ್ಗಾವಣೆಗಳು ಮಾತ್ರ ಉಳಿದವು. ಸಂಘಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ನಿಂತಾಗ ಆಡಳಿತಕ್ಕೆ, ಅಗತ್ಯ ಸೇವೆಗಳಲ್ಲಿ ಮುಷ್ಕರವನ್ನು ನಿಷೇಧಿಸುವ ಎಸ್ಮಾ ಕಾಯ್ದೆಯನ್ನು ಬಳಸುವುದು ಸುಲಭವಾಗುತ್ತದೆ. ಆದ್ದರಿಂದ ನ್ಯಾಯಾಲಯ ತಡೆಯುತ್ತದೆ ಎಂಬ ನಿಮ್ಮ ದೂರು ನಿಜವಾದರೂ, ನ್ಯಾಯಾಲಯದ ಮೆಟ್ಟಿಲಿನವರೆಗೂ ವಿಷಯ ಹೋಗದಂತೆ ಮಾತುಕತೆಯ ಮೇಜಿನಲ್ಲೇ ಮುಗಿಸುವ ಬಲ ಯಾವ ಸಂಘಕ್ಕಿದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಸೋತ ಮುಷ್ಕರಗಳೆಲ್ಲ ವ್ಯರ್ಥವೆಂದೂ ಹೇಳಲಾಗದು. 1974ರ ಮೇ ತಿಂಗಳ ರೈಲ್ವೆ ಮುಷ್ಕರ 20 ದಿನಗಳಲ್ಲಿ ಮುರಿದುಬಿತ್ತು. ಸಾವಿರಾರು ಮಂದಿ ಸೆರೆಮನೆ ಸೇರಿದರು, ಕೆಲಸ ಕಳೆದುಕೊಂಡರು. ಆಗ ಕೇಳಿದ್ದ ಬೋನಸ್ ಐದು ವರ್ಷಗಳ ತರುವಾಯ, 1979ರಲ್ಲಿ, ರೈಲ್ವೆ ಕಾರ್ಮಿಕರಿಗೆ ಮಂಜೂರಾಯಿತು. ಅದರ ಮುಂದಾಳು, ಮಂಗಳೂರಿನ ಜಾರ್ಜ್ ಫರ್ನಾಂಡಿಸರು, ಮುಂದೆ ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ರೈಲು ಹತ್ತುವ ನಾವು ಅದನ್ನು ನೆನೆಯುವುದು ಕಡಿಮೆ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ 1980–81ರಲ್ಲಿ 77 ದಿನ ನಡೆದ ಮುಷ್ಕರಕ್ಕೆ ಅಂಥ ತಡವಾದ ಫಲವೂ ಸಿಕ್ಕಂತೆ ಕಾಣುವುದಿಲ್ಲ, ಅದನ್ನೂ ಮುಚ್ಚಿಡಬೇಕಿಲ್ಲ.

ಮುಷ್ಕರವೊಂದನ್ನೇ ಅಳತೆಗೋಲಾಗಿ ಹಿಡಿದರೆ ಸಂಘದ ದಿನನಿತ್ಯದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಮಳೆಗಾಲದ ರಾತ್ರಿ ಬಸ್ಸು ಜಾರಿ, ಚಾಲಕನಿಗೆ ಆರೋಪಪಟ್ಟಿ ಬಂದಿತೆಂದುಕೊಳ್ಳಿ. ಇಲಾಖಾ ವಿಚಾರಣೆಯಲ್ಲಿ ಅವನ ಪರವಾಗಿ ಕುಳಿತು, ಟೈರು ಯಾವಾಗ ಬದಲಾಯಿತು, ಆ ವಾರ ಅವನಿಗೆ ಎಷ್ಟು ಡಬಲ್ ಡ್ಯೂಟಿ ಹಾಕಲಾಗಿತ್ತು ಎಂದು ದಾಖಲೆ ಕೇಳುವವನು ಸಾಮಾನ್ಯವಾಗಿ ಸಂಘದವನೇ. ಕಂಬದಿಂದ ಬಿದ್ದ ಲೈನ್‌ಮನ್ನನ ಹೆಂಡತಿಯ ಕೈಹಿಡಿದು ಪರಿಹಾರದ ಅರ್ಜಿ ಬರೆಸುವವನು, ಅನುಕಂಪದ ನೌಕರಿಯ ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂದು ಹುಡುಕುವವನು ಕೂಡ ಅವನೇ. ಹೀಗೆ ನೌಕರಿ ಉಳಿಸಿಕೊಂಡವರು ಯಾರೂ ಪತ್ರಿಕೆಗೆ ಪತ್ರ ಬರೆಯುವುದಿಲ್ಲ. ನಮಗೆ ಬರುವುದೆಲ್ಲ ನಿಮ್ಮಂಥ ಬೇಸರದ ಪತ್ರಗಳು.

ಪದಾಧಿಕಾರಿಗಳ ವಿಷಯದಲ್ಲಿ ನಿಮ್ಮೊಡನೆ ವಾದಿಸುವುದಿಲ್ಲ. ನಿವೃತ್ತರಾಗಿ ದಶಕವಾದರೂ ಕುರ್ಚಿ ಬಿಡದವರನ್ನೂ, ಅಧಿಕಾರಿಗಳಿಗಿಂತ ಮೊದಲೇ ವರ್ಗಾವಣೆ ಪಟ್ಟಿಯನ್ನು ಓದಿಬಿಡುವವರನ್ನೂ ನಾನೂ ಬಲ್ಲೆ. ಇದಕ್ಕೆ ಮದ್ದು ಗುಪ್ತ ಮತದಾನ. ಯಾವ ಸಂಘಕ್ಕೆ ಮಾನ್ಯತೆ ಎಂಬುದನ್ನು ರೈಲ್ವೆಯಲ್ಲಿ 2024ರ ಡಿಸೆಂಬರ್‌ನಲ್ಲಿ ಹೀಗೆಯೇ ತೀರ್ಮಾನಿಸಿದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಒಂದು ಸಂಸ್ಥೆಯಲ್ಲಿ ಹಲವು ಸಂಘಗಳಿದ್ದರೆ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘವಾಗುತ್ತದೆ. ಆ ಸಂಹಿತೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಬಹಳವಿದೆ, ಮುಷ್ಕರದ ನೋಟಿಸನ್ನು ಎಲ್ಲ ಉದ್ದಿಮೆಗಳಿಗೂ ಕಡ್ಡಾಯ ಮಾಡಿದ್ದೂ ಸೇರಿದಂತೆ. ಆದರೆ ಶೇ. 51 ಎಂಬ ಈ ಅಂಕಿ, ಸದಸ್ಯರನ್ನು ಮರೆತ ನಾಯಕರನ್ನು ಸದಸ್ಯರ ಮನೆಬಾಗಿಲಿಗೆ ಕಳಿಸಬಲ್ಲದು.

ಈಗ ಆ ಹುಡುಗನ ವಿಷಯ. ನಿಮ್ಮ ಸಂಘದ ಮೇಲೆ ನೀವು ಹೊರಿಸಿದ ಆರೋಪಗಳಲ್ಲೆಲ್ಲ ಗಂಭೀರವಾದದ್ದು ಇದೇ. ನೀವು ಅದನ್ನು ಆರೋಪವೆಂದೇ ಎಣಿಸಿಲ್ಲ. ಖಾಯಂ ನೌಕರ ನಿವೃತ್ತನಾದ ಜಾಗಕ್ಕೆ ಏಜೆನ್ಸಿಯ ಮೂಲಕ ಇನ್ನೊಬ್ಬ ಬರುತ್ತಾನೆ. ಕೆಲಸ ಅದೇ, ಸಂಬಳ ಬೇರೆ. ಪ್ರತಿ ನಿವೃತ್ತಿಯೊಂದಿಗೆ ಸಂಘ ಒಬ್ಬ ಸದಸ್ಯನನ್ನು ಕಳೆದುಕೊಳ್ಳುತ್ತದೆ, ಬಂದವನನ್ನು ಸೇರಿಸಿಕೊಳ್ಳುವುದಿಲ್ಲ. ನಾಳೆ ನೀವು ಕೆಲಸ ನಿಲ್ಲಿಸಿದರೆ ಅದನ್ನು ಮುಂದುವರಿಸಲು ಆಡಳಿತಕ್ಕೆ ಅವನು ಸಿದ್ಧನಿದ್ದಾನೆ. ಅವನು ನಿಮ್ಮ ಜೊತೆ ನಿಲ್ಲಬೇಕೆಂದು ಕೇಳುವ ಮುಖ ನಿಮಗುಳಿದಿಲ್ಲ.

ಕಾನೂನು ಅವನಿಗೆ ಬಹುಕಾಲ ಬೆನ್ನು ತಿರುಗಿಸಿತ್ತು. ತಾತ್ಕಾಲಿಕ ನೌಕರರು ಖಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದ 2006ರ ಉಮಾದೇವಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ನಮ್ಮ ರಾಜ್ಯದಿಂದ ಹೋದ ಮೊಕದ್ದಮೆಯದೇ. ಆದರೆ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು 2016ರಲ್ಲಿ ಅದೇ ನ್ಯಾಯಾಲಯ ಹೇಳಿತು. ಹತ್ತಾರು ವರ್ಷ ದುಡಿಸಿಕೊಂಡವರನ್ನು ಹೊರಗಟ್ಟಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದೆಂದು 2024ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಬಾಗಿಲು ಸ್ವಲ್ಪ ತೆರೆದಿದೆ. ಆದರೆ ತಿಂಗಳಿಗೊಮ್ಮೆ ಗುತ್ತಿಗೆದಾರನ ಮುಖ ನೋಡಬೇಕಾದವನು ಒಬ್ಬನೇ ವಕೀಲರನ್ನು ಹಿಡಿದು ಆ ಬಾಗಿಲವರೆಗೆ ಹೋಗಲಾರ.

ಒಟ್ಟಾಗಿ ಹೋದವರ ಉದಾಹರಣೆ ಬೇಕೆಂದರೆ ಅಂಗನವಾಡಿಯ ಹೆಣ್ಣುಮಕ್ಕಳನ್ನು ನೋಡಿ. ಅವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು, ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, 2006ರಲ್ಲಿ ತೀರ್ಮಾನವಾಯಿತು. ಅವರಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನ. 2022ರ ಏಪ್ರಿಲ್‌ನಲ್ಲಿ ಗ್ರಾಚ್ಯುಟಿಗೆ ಅವರು ಅರ್ಹರೆಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ಹಿಂದೆ ವರ್ಷಗಟ್ಟಲೆ ಧರಣಿ ಕುಳಿತ ಸಂಘಟನೆಗಳ ಶ್ರಮವಿದೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಸಂಘದಿಂದ ಪ್ರಯೋಜನವಿದೆಯೇ ಎಂದು ಅವರನ್ನು ಕೇಳಿದರೆ ಉತ್ತರ ಬೇರೆಯೇ ಬಂದೀತು.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವಲ್ಲ. ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದ ದಿನಕರ ದೇಸಾಯಿಯವರು ಇಲ್ಲಿ ಗೇಣಿದಾರರನ್ನು ಕೂಡಿಸಿದರು. ಗೇಣಿದಾರರಿಗೆ ಸಂಬಳವಿರಲಿಲ್ಲ, ಹಾಜರಿ ಪಟ್ಟಿಯೂ ಇರಲಿಲ್ಲ. ಬೆಳೆದದ್ದರಲ್ಲಿ ಧಣಿಗೆ ಅಳೆದು ಉಳಿದದ್ದೇ ಅವರ ಪಾಲು. ಆ ಕೆಲಸಕ್ಕಾಗಿ ದೇಸಾಯಿಯವರು ಜಿಲ್ಲೆಯಿಂದ ಗಡೀಪಾರಾದರು. ಇಂದು ಕೈಗಾದ ಸ್ಥಾವರಕ್ಕೂ, ಕದಂಬ ನೌಕಾನೆಲೆಗೂ ಬೆಳಿಗ್ಗೆ ಪಾಸು ತೋರಿಸಿ ಒಳಹೋಗುವ ಗುತ್ತಿಗೆ ಕೆಲಸಗಾರರನ್ನು ಕಂಡಾಗಲೆಲ್ಲ ನನಗೆ ಆ ಗೇಣಿದಾರರು ನೆನಪಾಗುತ್ತಾರೆ.

ಚಂದಾ ನಿಲ್ಲಿಸಲೇ ಎಂದು ಕೇಳಿದ್ದೀರಿ. ಬೇಡ; ಚಂದಾ ಕಟ್ಟದವನ ಮಾತಿಗೆ ಸರ್ವಸದಸ್ಯರ ಸಭೆಯಲ್ಲಿ ಜಾಗವಿರುವುದಿಲ್ಲ. ಸಂಘದ ನಿಯಮಾವಳಿಯ ಒಂದು ಪ್ರತಿಯನ್ನು ಕೇಳಿ ಪಡೆದು, ಸದಸ್ಯತ್ವದ ಕಲಮನ್ನು ಓದಿ. ಅದರಲ್ಲಿ ‘ಖಾಯಂ’ ಎಂಬ ಪದವಿದ್ದರೆ, ಅದನ್ನು ತೆಗೆದುಹಾಕುವ ತಿದ್ದುಪಡಿಗೆ ನೀವೇ ಸೂಚಕರಾಗಿ. ಅನುಮೋದಿಸಲು ಒಬ್ಬರೂ ಏಳದಿದ್ದರೆ ಮತ್ತೆ ಪತ್ರ ಬರೆಯಿರಿ. ಅದನ್ನೂ ಹೆಸರಿಲ್ಲದೆಯೇ ಪ್ರಕಟಿಸುತ್ತೇವೆ.

— ಸಂಪಾದಕ